ಆಯಿ ಅಂದರೆ ಯಾರು

ಹಿಂದವಾಡಿ, ಬೆಳಗಾವಿ
ಗುರುವಾರ, ೧೨ ಜೂನ್ ೨೦೨೫

ಗೆಳತಿ ಸತ್ಯವ್ವಗೆ ಕುಂದಾಳ ನಮಸ್ಕಾರ.

ನಮಸ್ಕಾರ ಅಂತ ಓದಿದ ಕೂಡಲೇ ಏನೋ ಎಡವಟ್ಟಾಗಿದೆ ಎಂದು ನಿನಗೆ ಗೊತ್ತಾಗಿರಬೇಕು. ಐವತ್ತು ವರ್ಷದ ಗೆಳೆತನದಲ್ಲಿ ನಾವು ಒಬ್ಬರಿಗೊಬ್ಬರು ನಮಸ್ಕಾರ ಹೇಳಿದವರಲ್ಲ. ಹೇಗೆ ಶುರು ಮಾಡಬೇಕೋ ತಿಳಿಯದೆ ಮೂರು ಹಾಳೆ ಹರಿದು ಹಾಕಿ, ಕಡೆಗೆ ಇದನ್ನೇ ಇಟ್ಟುಕೊಂಡೆ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಸೋಮವಾರ ನಮ್ಮ ಆಫೀಸಿಗೆ ಬರಬೇಡ. ಬಂದರೂ ನಿನ್ನ ಕಾಕಾನ ಮಗ ಬೀರೇಶನ ಜೊತೆಗಿನ ರಾಜಿ ಕಾಗದಕ್ಕೆ ಸಹಿ ಹಾಕಬೇಡ. ಖಾನಾಪುರದ ಆ ಮನೆ ನಿನ್ನ ಅವ್ವನದು, ಅವ್ವನ ನಂತರ ನಿನ್ನದು, ನೀನು ಹೇಳುತ್ತ ಬಂದ ಹಾಗೆಯೇ. ನಿನ್ನ ಅಣ್ಣ ಕರೆಪ್ಪ ನಿನಗೆ ಅನ್ಯಾಯ ಮಾಡಿ ಸತ್ತವನಲ್ಲ. ಅವನು ಸರಿಯಾಗಿಯೇ ಬರೆದಿದ್ದ. ಅವನ ಮರಾಠಿ ಕಾಗದವನ್ನು ಕನ್ನಡಕ್ಕೆ ತರುವಾಗ ನಾನು ತಪ್ಪು ಮಾಡಿದೆ.

ಇಷ್ಟು ಓದಿ ಇದನ್ನು ಒಲೆಗೆ ಹಾಕಬೇಡ, ಸತ್ಯವ್ವ. ನನ್ನನ್ನು ಬೈಯುವುದಕ್ಕೆ ಆಮೇಲೆ ಬೇಕಾದಷ್ಟು ದಿನ ಇವೆ. ಈ ಪತ್ರ ನಿನ್ನ ಕೇಸಿಗೆ ಬೇಕಾಗುತ್ತದೆ, ಬೇರೆ ವಕೀಲರು ಓದಬೇಕಾಗುತ್ತದೆ. ಅದಕ್ಕೇ ನಿನಗೆ ಗೊತ್ತಿರುವ ಸಂಗತಿಯನ್ನೂ ಮತ್ತೆ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲೇ ಹೇಳಬೇಕೆಂದು ಈ ವಾರ ಮೂರು ಸಲ ಹಚ್ಚಿದ್ದೆ. ಮೂರು ಸಲವೂ ‘ಏನವಾ ಕುಂದಾ, ಆರಾಮ ಅದಿಯಿಲ್ಲೋ?’ ಎಂದು ನೀನು ಕೇಳಿದೆ, ನಾನು ನಿನ್ನ ಮೊಮ್ಮಗಳ ಕೆಮ್ಮು ವಿಚಾರಿಸಿ ಇಟ್ಟುಬಿಟ್ಟೆ.

ಇದೆಲ್ಲ ಎದ್ದದ್ದು ನಮ್ಮ ಆಫೀಸಿಗೆ ಹೊಸ ತಂತ್ರಜ್ಞಾನ ತರುವ ಗದ್ದಲದಿಂದ. ತ್ರ್ಯಂಬಕ ಸಾಹೇಬರನ್ನು ನೀನು ಬಲ್ಲೆ. ಟಿಳಕವಾಡಿಯ ಆ ಮಹಡಿಯ ಮೇಲೆ ನಲವತ್ತು ವರ್ಷ ಕೆಂಪು ಡೈರಿಯೊಂದನ್ನೇ ನಂಬಿ ವಕೀಲಿ ಮಾಡಿದವರು. ಹೋದ ದೀಪಾವಳಿಯ ಮುಂಚೆ ಎರಡು ಕೇಸುಗಳ ತಾರೀಖು ಅದಲು ಬದಲಾಗಿ, ಕಕ್ಷಿದಾರನೊಬ್ಬ ಕೋರ್ಟಿನಲ್ಲಿ ವಕೀಲರೇ ಇಲ್ಲದೆ ಒಬ್ಬನೇ ನಿಂತ. ಆವತ್ತು ಸಾಹೇಬರಿಗೂ ಸಾಕಾಯಿತು. ತಾರೀಖು ನೆನಪಿಡುವ, ಫೈಲು ಹುಡುಕಿಕೊಡುವ, ಮರಾಠಿ ಕಾಗದಗಳನ್ನು ಕನ್ನಡಕ್ಕೆ ಮಾಡಿಕೊಡುವ ಸಾಫ್ಟ್‌ವೇರ್ ಒಂದನ್ನು ಕೊಳ್ಳೋಣ ಎಂದು, ಆಯ್ಕೆಯ ಕೆಲಸವನ್ನು ಖುಶ್ನುಮಾಗೆ ಒಪ್ಪಿಸಿದರು.

ಖುಶ್ನುಮಾ ನಮ್ಮ ಕಿರಿಯ ವಕೀಲೆ, ಕ್ಯಾಂಪ್ ಓಣಿಯ ಹುಡುಗಿ. ಮನೆಯಲ್ಲಿ ಉರ್ದು, ಕೋರ್ಟಿನಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ. ಬಂದು ಮೂರು ವರ್ಷವಾಗಿಲ್ಲ, ಇವಳಿಗೇನು ತಿಳಿದೀತು ಎಂದು ನಾನು ಮೂಗು ಮುರಿದಿದ್ದೆ. ಆದರೆ ಅವಳು ಅಂಗಡಿಗೆ ಹೋಗಿ ಯಂತ್ರ ಎತ್ತಿಕೊಂಡು ಬರುವವಳಲ್ಲ. ‘ಯಾವ್ದು ತಗೊಳ್ಳೂದು ಆಮ್ಯಾಲ ನೋಡೂಣ್ರಿ ಸರ್, ಮೊದಲ ನಾವ ದಿನಾ ಏನೇನ ಮಾಡ್ತೀವಿ ಅನ್ನೂದು ಖರೇ ಖರೇ ಬರಕೊಳ್ಳೂಣು’ ಎಂದಳು. ಗೋಡೆಗೆ ದೊಡ್ಡ ಹಾಳೆ ಅಂಟಿಸಿದಳು. ಎರಡು ವಾರ ಎಲ್ಲರೂ ತಾವು ಮಾಡಿದ ಕೆಲಸವನ್ನು ಅದರಲ್ಲಿ ಬರೆಯಬೇಕಿತ್ತು. ಕೋರ್ಟಿಗೆ ಫೈಲು ಹೊರುವ ಈರಯ್ಯ ಒಂದೇ ದಿನ ಒಂಬತ್ತು ಸಲ ‘ಫೈಲು ಹುಡುಕಿದೆ’ ಎಂದು ಬರೆದ. ಅದರ ಕೆಳಗೆ ಸಾಹೇಬರು ‘ಈರಯ್ಯನನ್ನು ಹುಡುಕಿದೆ’ ಎಂದು ಬರೆದರು. ಎಲ್ಲರೂ ನಕ್ಕೆವು.

ನಾನು ಬರೆದದ್ದು ಎರಡೇ ಮಾತು: ‘ಅನುವಾದ ಮಾಡಿದೆ. ಸಾಹೇಬರು ಸಹಿ ಹಾಕಿದರು.’ ಖುಶ್ನುಮಾ ಅದನ್ನು ಓದಿ, ‘ನಡಕ ಯಾರು ತಾಳೆ ನೋಡ್ತಾರ್ರಿ ಬಾಯಿ?’ ಎಂದಳು. ಯಾರೂ ನೋಡುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಒಬ್ಬರೂ ನೋಡಿಲ್ಲ. ಕುಂದಾಬಾಯಿ ಮಾಡಿದ್ದೆಂದರೆ ಮುಗಿಯಿತು, ಮತ್ತೆ ನೋಡುವುದೇನು ಎಂದು ಬೇರೆ ಆಫೀಸಿನ ವಕೀಲರೂ ಹೇಳುತ್ತಾರೆ. ಆ ಮಾತು ಕೇಳಿ ನಾನೂ ಉಬ್ಬುತ್ತಿದ್ದೆ. ಗಂಡ ಹೋದ ಮೇಲೆ ನನ್ನದು ಅಂತ ಉಳಿದದ್ದು ಆ ಹೆಸರೊಂದೇ ಇತ್ತು.

ಮೂರು ಕಂಪನಿಯವರು ತಮ್ಮ ತಮ್ಮ ಯಂತ್ರ ತೋರಿಸಲು ಬಂದರು. ತಂದಿದ್ದ ಮಾದರಿ ಕಾಗದಗಳು ಲಗ್ನಪತ್ರಿಕೆಯ ಹಾಗೆ ಲಕಲಕ ಅನ್ನುತ್ತಿದ್ದವು. ಖುಶ್ನುಮಾ ಅವನ್ನು ಮುಟ್ಟಲೂ ಇಲ್ಲ. ಮಂದಿಯ ಕಾಗದಗಳು ನಿಮ್ಮ ಯಂತ್ರದಿಂದ ಎಲ್ಲಿಗೆ ಹೋಗುತ್ತವೆ, ಯಾರ ಹತ್ತಿರ ಉಳಿಯುತ್ತವೆ, ಅದು ತಪ್ಪು ಮಾಡಿದರೆ ಕೋರ್ಟಿನಲ್ಲಿ ಉತ್ತರ ಕೊಡುವವರು ಯಾರು ಎಂದು ಒಂದೊಂದೇ ಕೇಳಿದಳು. ಆಮೇಲೆ, ನಮ್ಮ ಕಪಾಟಿನ ಇಪ್ಪತ್ತು ಹಳೆಯ ಫೈಲು ಕೊಡುತ್ತೇವೆ, ಅದನ್ನು ಓದಿ ತೋರಿಸಿ ಎಂದಳು. ಯಂತ್ರಗಳು ಮಾಡಿದ ಅನುವಾದವನ್ನು ನಾನು ಹಿಂದೆ ಮಾಡಿದ್ದರ ಜೊತೆ ಇಟ್ಟು ನೋಡುವುದು, ನನ್ನದಕ್ಕೆ ಹೊಂದದಿದ್ದರೆ ಯಂತ್ರದ ತಪ್ಪು ಎಂದು ಹಿಡಿಯುವುದು. ಗುರುತು ಹಾಕಬೇಕಾದವಳು ನಾನೇ. ಕೆಂಪು ಪೆನ್ಸಿಲ್ ನನ್ನ ಕೈಗೆ ಕೊಟ್ಟಳು.

ಕಪಾಟಿನಿಂದ ಅವಳು ಪ್ರತಿ ಹದಿನೈದನೆಯ ಫೈಲನ್ನು ಎಳೆದಳು. ಅದರಲ್ಲಿ ನಿನ್ನದೂ ಬಂತು. ‘ಇದು ಬ್ಯಾಡವಾ, ಅಕ್ಷರ ಭಾಳ ಕೆಟ್ಟ ಅದ, ಬ್ಯಾರೇದು ತಗೋ’ ಎಂದೆ. ‘ಕೆಟ್ಟ ಅಕ್ಷರಾನೇ ಬೇಕ್ರಿ ನಮಗ’ ಎಂದು ನಕ್ಕು ರಾಶಿಗೆ ಸೇರಿಸಿದಳು. ಹೆಚ್ಚು ಜಗ್ಗಿದರೆ ಚಂದ ಕಾಣುವುದಿಲ್ಲವೆಂದು ಸುಮ್ಮನಾದೆ.

ಆ ಫೈಲಿನಲ್ಲಿ ಏನಿತ್ತು ಎಂಬುದನ್ನು ಓದುವ ವಕೀಲರಿಗಾಗಿ ಬರೆಯುತ್ತೇನೆ. ಸತ್ಯವ್ವನ ತಾಯಿ ಖಾನಾಪುರದ ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮಣ್ಣು ತುಳಿದು ಆ ಮನೆ ಕಟ್ಟಿದಳು. ಅತ್ತೆ, ಅಂದರೆ ಸತ್ಯವ್ವನ ಅಜ್ಜಿ, ಅದೇ ಮನೆಯಲ್ಲಿ ಇದ್ದು ಅಲ್ಲೇ ತೀರಿಕೊಂಡಳು. ತಾಯಿ ಹೋದ ಮೇಲೆ ಬೀರೇಶ, ಮನೆ ಅಜ್ಜಿಯದು, ಮೊಮ್ಮಕ್ಕಳಿಗೆಲ್ಲ ಪಾಲು ಬರಬೇಕು ಎಂದು ದಾವೆ ಹಾಕಿದ. ಮನೆ ಯಾರದೆಂದು ಹೇಳುವ ಕಾಗದ ಒಂದೇ ಒಂದಿತ್ತು. ಸತ್ಯವ್ವನ ಅಣ್ಣ ಕರೆಪ್ಪ ತನ್ನ ಹಕ್ಕು ಬಿಟ್ಟುಕೊಡುವಾಗ, ಕಾಯಿಲೆ ಬೀಳುವ ಮೊದಲು, ತನ್ನ ಕೈಯಾರೆ ಬರೆದದ್ದು. ಅವನು ಆ ಕಾರ್ಖಾನೆಯಲ್ಲೇ ಕಾರಕೂನನಾಗಿದ್ದ, ಮರಾಠಿ ಶಾಲೆಯಲ್ಲಿ ಕಲಿತವನು, ಬರೆಯುವುದೆಲ್ಲ ಮರಾಠಿಯಲ್ಲೇ. ಕನ್ನಡ ಬಿಟ್ಟು ಬೇರೆ ಓದಲು ಬಾರದ ಸತ್ಯವ್ವ ಆ ಕಾಗದವನ್ನು ಸೀರೆಯ ಮಡಿಕೆಯಲ್ಲಿಟ್ಟುಕೊಂಡು ನಮ್ಮ ಆಫೀಸಿಗೆ ಬಂದಳು, ನಾನು ಇಲ್ಲಿದ್ದೇನೆಂಬ ಧೈರ್ಯದ ಮೇಲೆ.

ಮುಂಬದಿಯಲ್ಲಿ ಹೀಗಿತ್ತು: ‘ಹೇ ಘರ ಆಯೀಚೆ ಆಹೇ. ಆಯೀನಂತರ ಮಾಝ್ಯಾ ಬಹಿಣೀಚೆ.’ ಈ ಮನೆ ಆಯಿಯದು, ಆಯಿಯ ನಂತರ ನನ್ನ ತಂಗಿಯದು.

ಆಯಿ ಅಂದರೆ ಯಾರು, ಸತ್ಯವ್ವ? ನಮ್ಮ ಮನೆ ಮರಾಠಿ, ನಮ್ಮಲ್ಲಿ ಆಯಿ ಅಂದರೆ ಹೆತ್ತ ತಾಯಿ. ನಿಮ್ಮ ಮನೆ ಕನ್ನಡ, ನಿಮ್ಮಲ್ಲಿ ತಾಯಿ ಅವ್ವ, ಆಯಿ ಅಂದರೆ ಅಜ್ಜಿ. ಎರಡನೇ ಇಯತ್ತೆಯಲ್ಲಿ ಮಾಸ್ತರರು ‘ನಾಳೆ ಆಯಿನ್ನ ಕರಕೊಂಡ ಬರ್ರಿ’ ಎಂದಾಗ ನಾನು ನನ್ನ ತಾಯಿಯನ್ನು ಕರೆದುಕೊಂಡು ಹೋದೆ, ನೀನು ಕೋಲೂರಿಕೊಂಡು ಬರುವ ಅಜ್ಜಿಯನ್ನು ಎಳೆದುಕೊಂಡು ಬಂದೆ. ಇಡೀ ವರ್ಗ ನಕ್ಕಿತು. ಈ ಎರಡು ಆಯಿಗಳ ನಡುವೆ ಬೆಳೆದವಳು ನಾನು, ಈ ಶಬ್ದದಲ್ಲಿ ನಾನು ಎಡವಬಾರದಿತ್ತು.

ಎಡವಿದ್ದು ಹೇಗೆ ಗೊತ್ತೇ? ಹೆಚ್ಚು ತಿಳಿದವಳೆಂಬ ಸೊಕ್ಕಿನಿಂದ. ಬೇರೆ ಯಾರದೋ ಕಾಗದವಾಗಿದ್ದರೆ ಮರಾಠಿಯಲ್ಲಿರುವ ಹಾಗೆ ತಾಯಿ ಎಂದು ಬರೆದು ಮುಂದೆ ಹೋಗುತ್ತಿದ್ದೆ. ಇದು ಕರೆಪ್ಪಣ್ಣನ ಕಾಗದ. ಅವನು ಅವ್ವನನ್ನು ಅವ್ವಾ ಅಂತಲೇ ಕರೆಯುತ್ತಿದ್ದ, ಆಯಿ ಅನ್ನುತ್ತಿದ್ದದ್ದು ಅಜ್ಜಿಗೆ, ನಾನೇ ಕಿವಿಯಾರೆ ಕೇಳಿದ್ದೇನೆ. ಭಾಷೆ ಮರಾಠಿಯಾದರೂ ಮನೆಯ ಶಬ್ದ ಹಾಗೇ ಬಂದಿದೆ, ಇದನ್ನು ಹಿಡಿಯುವುದಕ್ಕೆ ನನ್ನಂಥವಳೇ ಬೇಕು ಎಂದುಕೊಂಡು ‘ಈ ಮನೆ ಅಜ್ಜಿಯದು’ ಎಂದು ಬರೆದೆ. ಛೀ, ಬರೆಯುವಾಗ ನನಗೆ ಹೆಮ್ಮೆಯೂ ಆಗಿತ್ತು. ಆ ಸಾಲು ನಿನಗೆ ಕಂಟಕವಾದೀತು ಎಂದು ಹೊಳೆಯಲಿಲ್ಲವೇ ಎಂದು ನೀನು ಕೇಳಬಹುದು. ಹೊಳೆಯಿತು. ಅಣ್ಣ ಬರೆದದ್ದನ್ನು ಗೆಳತಿಗಾಗಿ ತಿದ್ದುವುದು ನನ್ನ ಕೆಲಸವಲ್ಲ ಎಂದು ದೊಡ್ಡ ನ್ಯಾಯದವಳ ಹಾಗೆ ಕೂತೆ.

ಹಾಳೆಯ ಹಿಂಬದಿಯನ್ನು ಮಾರನೆಯ ದಿನ ಅವಸರದಲ್ಲಿ ಮಾಡಿದೆ. ಅಲ್ಲಿ ಅವನು ಹೀಗೆ ಬರೆದಿದ್ದ: ‘ಆಜೀಚೀ ತಾಂಬ್ಯಾಚೀ ಭಾಂಡೀ ಕಾಕಾಂಕಡೇ ದ್ಯಾವೀತ.’ ಅಜ್ಜಿಯ ತಾಮ್ರದ ಪಾತ್ರೆಗಳನ್ನು ಕಾಕಾನ ಮನೆಗೆ ಕೊಡಬೇಕು. ಅಜ್ಜಿಗೆ ಮರಾಠಿಯಲ್ಲಿ ಆಜಿ ಎನ್ನುತ್ತಾರೆ, ಕರೆಪ್ಪಣ್ಣ ಆಜಿ ಎಂದೇ ಬರೆದಿದ್ದ. ಅಂದರೆ ಅವನು ಮರಾಠಿಯನ್ನು ಮರಾಠಿಯ ಹಾಗೆಯೇ ಬರೆದವನು. ಆಯಿ ಬೇರೆ, ಆಜಿ ಬೇರೆ. ಮನೆ ತಾಯಿಯದು, ಪಾತ್ರೆ ಅಜ್ಜಿಯದು. ನನ್ನ ಕನ್ನಡದಲ್ಲಿ ಎರಡೂ ಕಡೆ ಅಜ್ಜಿ ಎಂದೇ ಬಂತು. ಮುಂಬದಿ ಹಿಂಬದಿ ಎರಡನ್ನೂ ಜೊತೆಗಿಟ್ಟು ಓದಲಿಲ್ಲ. ಸಾಹೇಬರು ಮೂಲ ನೋಡದೆ ಸಹಿ ಹಾಕಿದರು, ಯಾವತ್ತಿನ ಹಾಗೆ.

ಮುಂದಿನದು ನಿನಗೇ ಗೊತ್ತು. ಕಟಕಟೆಯಲ್ಲಿ ಬೀರೇಶನ ವಕೀಲ, ‘ನಿಮ್ಮ ಮನ್ಯಾಗ ಆಯಿ ಅಂತ ಯಾರಿಗೆ ಕರೀತಿದ್ರಿ?’ ಎಂದು ಕೇಳಿದ. ನೀನು ಯಾವ ಕಪಟವೂ ಇಲ್ಲದೆ, ‘ನಮ್ಮ ಅಜ್ಜಿಗ್ರೀ’ ಎಂದೆ. ಮನೆ ಅಜ್ಜಿಯದಾದರೆ ಅದನ್ನು ತಂಗಿಗೆ ಬಿಡುವ ಹಕ್ಕು ಕರೆಪ್ಪಣ್ಣನಿಗಿರಲಿಲ್ಲ, ಅಲ್ಲಿಗೆ ಕೇಸು ಮುಗಿಯಿತು. ನ್ಯಾಯಾಧೀಶರು ದಕ್ಷಿಣದ ಕಡೆಯವರು, ಮರಾಠಿ ಬಾರದವರು, ಅವರು ನನ್ನ ಕನ್ನಡವನ್ನೇ ನಂಬಬೇಕಿತ್ತು. ಸ್ವಂತ ಅಣ್ಣನ ಕಾಗದಕ್ಕೆ ವಿರುದ್ಧವಾಗಿ ನುಡಿದ ಈಕೆಯ ಮಾತು ನಂಬಲು ಯೋಗ್ಯವಲ್ಲ ಎಂದು ತೀರ್ಪಿನಲ್ಲಿ ಬಂತು. ಖರೇ ಹೇಳಿದ ನಿನಗೆ ಸುಳ್ಳಿ ಅನ್ನುವ ಹೆಸರು ಬಂತು. ಮೇಲಿನ ಕೋರ್ಟಿನಲ್ಲೂ ಅದೇ ಗತಿಯಾಗಿ, ಈಗ ಧಾರವಾಡದ ಹೈಕೋರ್ಟಿನಲ್ಲಿರುವ ಅಪೀಲೊಂದೇ ಉಳಿದಿದೆ.

ಮನೆಯ ಮಾತು ಒತ್ತಟ್ಟಿಗಿರಲಿ. ತೀರ್ಪಿನ ದಿನ ನೀನು ಖಾನಾಪುರಕ್ಕೆ ಹೋಗಿ ಮೊದಲು ಮಾಡಿದ ಕೆಲಸ ಕರೆಪ್ಪಣ್ಣನ ಫೋಟೋ ಗೋಡೆಯಿಂದ ಇಳಿಸಿದ್ದು. ‘ಸಾಯೂ ಮುಂದ ನನ್ನ ಕುತ್ತಗಿ ಕೊಯ್ದು ಹೋದ’ ಎಂದೆ. ಅವನ ಮಗಳ ಲಗ್ನಕ್ಕೆ ಹೋಗಲಿಲ್ಲ. ಹೋದ ವರ್ಷ ಅತ್ತಿಗೆ ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ. ಆವತ್ತು ನೀನು ನನ್ನ ಮನೆಯಲ್ಲೇ ಇದ್ದೆ, ನೆನಪಿದೆಯೇ? ಊಟಕ್ಕೆ ಕೂತು, ಅನ್ನ ಕಲಸಿ, ತಿನ್ನದೆ ಎದ್ದೆ. ನಾನು ತಾಟು ತೊಳೆದಿಟ್ಟೆ. ಆ ದಿನವನ್ನು ನಿನಗೆ ಯಾರೂ ವಾಪಸು ತಂದುಕೊಡಲಾರರು, ನನ್ನಿಂದಂತೂ ಸಾಧ್ಯವೇ ಇಲ್ಲ.

ಮತ್ತೆ ಯಂತ್ರಗಳ ವಿಷಯಕ್ಕೆ ಬರುತ್ತೇನೆ. ಏಪ್ರಿಲ್‌ನಲ್ಲಿ ಪರೀಕ್ಷೆ ನಡೆಯಿತು. ಮೊದಲ ಹನ್ನೊಂದು ಫೈಲುಗಳಲ್ಲಿ ಯಂತ್ರಗಳು ಬೇಕಾದಷ್ಟು ಅನಾಹುತ ಮಾಡಿದ್ದವು. ಒಂದು ಯಂತ್ರ ಮರಾಠಿಯ ‘ಬಾವ’ವನ್ನು, ಅಂದರೆ ಬಾವಿಯನ್ನು, ಭಾವ ಮಾಡಿ, ಭಾವನಲ್ಲಿ ನೀರಿಲ್ಲ ಎಂದು ಬರೆದಿತ್ತು. ಅದನ್ನು ಓದಿ ಹೇಳಿ ಎಲ್ಲರನ್ನೂ ನಗಿಸಿದವಳು ನಾನೇ. ಹನ್ನೆರಡನೆಯದು ನಿನ್ನ ಫೈಲು. ಮೂರು ಯಂತ್ರಗಳೂ ‘ಈ ಮನೆ ತಾಯಿಯದು’ ಎಂದು ಬರೆದಿದ್ದವು. ಹಿಂಬದಿಯಲ್ಲಿ ಮೂರೂ ‘ಅಜ್ಜಿಯ ಪಾತ್ರೆಗಳು’ ಎಂದು ಬರೆದಿದ್ದವು. ಖಾನಾಪುರದ ಓಣಿ ಕಾಣದ, ನಿನ್ನ ಅಜ್ಜಿಯ ದನಿ ಕೇಳದ ಯಂತ್ರಗಳು, ಇದ್ದದ್ದನ್ನು ಇದ್ದ ಹಾಗೆ ಓದಿದ್ದವು. ನಾನು ಮೂಲದ ಹಾಳೆಯನ್ನು ತಿರುವಿ ಎರಡೂ ಬದಿ ಓದಿದೆ.

ಖುಶ್ನುಮಾಳ ಹಾಳೆಯಲ್ಲಿ ಮೂರು ಯಂತ್ರಗಳಿಗೆ ಮೂರು ಕಾಲಮು ಇದ್ದವು. ತಪ್ಪು ನನ್ನದಾದರೆ ಬರೆಯುವುದಕ್ಕೆ ಅಲ್ಲಿ ಜಾಗವೇ ಇರಲಿಲ್ಲ, ನನ್ನದು ತಪ್ಪಾದೀತೆಂದು ಯಾರೂ ಎಣಿಸಿರಲಿಲ್ಲ. ಈರಯ್ಯ ಚಹಾ ತಂದಿಟ್ಟ. ನಾನು ಚಹಾ ಕುಡಿದು, ಮೂರೂ ಕಾಲಮಿನಲ್ಲಿ ಕೆಂಪು ಗುರುತು ಹಾಕಿದೆ.

ಹೌದು, ಹಾಕಿದೆ. ಸಂಜೆ ಹಾಳೆ ನೋಡಿ ಖುಶ್ನುಮಾ, ‘ಮೂರೂ ಕೂಡಿ ಒಂದ ತಪ್ಪ ಹೆಂಗ ಮಾಡಿದ್ವು?’ ಎಂದು ಕೇಳಿದಳು. ನಿನ್ನ ಮನೆಯ ಕಥೆ, ಎರಡನೇ ಇಯತ್ತೆಯ ಕಥೆ ಎಲ್ಲ ಹೇಳಿ, ಇದೆಲ್ಲ ಯಂತ್ರಕ್ಕೆ ಹೇಗೆ ತಿಳಿಯಬೇಕು ಎಂದೆ. ಅವಳ ಕಣ್ಣು ಅರಳಿದವು. ‘ಅದಕ್ಕ ನೋಡ್ರಿ ನೀವ ಬೇಕು’ ಎಂದು ನನ್ನ ಕೈ ಹಿಡಿದಳು. ತನ್ನ ವರದಿಯಲ್ಲಿ ಅದನ್ನೇ ಮೊದಲ ಉದಾಹರಣೆಯಾಗಿ ಬರೆದಳು. ಮೇ ತಿಂಗಳ ಸಭೆಯಲ್ಲಿ ಸಾಹೇಬರು ಅದನ್ನು ಎಲ್ಲರೆದುರು ಓದಿಸಿದರು. ಯಾವ ಸಾಫ್ಟ್‌ವೇರ್ ಬಂದರೂ ಕುಂದಾಬಾಯಿಯ ಕಣ್ಣು ತಪ್ಪಿಸಿ ಒಂದು ಕಾಗದವೂ ಕೋರ್ಟಿಗೆ ಹೋಗಕೂಡದು ಎಂದು ಠರಾವು ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಯಂತ್ರ ಬಂದ ಮೇಲೆ ನನ್ನ ಗತಿಯೇನು ಎಂದು ಆರು ತಿಂಗಳಿನಿಂದ ಚಿಂತಿಸುತ್ತಿದ್ದವಳ ಕೆಲಸ ಗಟ್ಟಿಯಾಯಿತು. ನಿನ್ನ ಮನೆ ಕಳೆದ ಆ ಒಂದು ಶಬ್ದದಿಂದಲೇ.

ಆಮೇಲೂ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ, ಆಣೆ ಮಾಡಿ ಹೇಳಲಾರೆ. ಹೋದ ಬುಧವಾರ ಸಾಹೇಬರು ರಾಜಿ ಕಾಗದದ ಕರಡನ್ನು ಬೆರಳಚ್ಚಿಗೆ ಕೊಟ್ಟರು. ನೀನು ಅಪೀಲು ಹಿಂದಕ್ಕೆ ತೆಗೆದುಕೊಳ್ಳುವುದು, ನಿನ್ನ ಪಾಲಿಗೆ ಒಂದಿಷ್ಟು ದುಡ್ಡು ಹಿಡಿದು ಮನೆ ಪೂರ್ತಿ ಬೀರೇಶನಿಗೆ ಬಿಡುವುದು, ದಸರೆಯ ತನಕ ಮಾತ್ರ ಹಿಂದಿನ ಖೋಲಿಯಲ್ಲಿ ಇರುವುದು. ಇದೆಲ್ಲ ನನ್ನ ಕೈಯಿಂದಲೇ ಟೈಪಾಗಬೇಕಿತ್ತು. ನಿನ್ನ ಹೆಸರಿನ ತನಕ ಬಂದು ಎದ್ದು ಸಾಹೇಬರ ಕೋಣೆಗೆ ಹೋಗಿ, ಆಯಿ, ಆಜಿ ಎಲ್ಲ ಹೇಳಿದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ‘ಕುಂದಾಬಾಯಿ, ಅದರ ಮ್ಯಾಲ ನಂದೂ ಸಹಿ ಅದ. ನಾನೂ ಮೂಲ ನೋಡಲಿಲ್ಲ’ ಎಂದರು. ಇಷ್ಟು ಹೇಳಿದವರು ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ ಎಂದುಕೊಂಡೆ. ಹೋಗಲಿಲ್ಲ. ‘ಈಗ ಇದು ಹೊರಗ ಬಿದ್ರ ಮೂವತ್ತು ವರ್ಷದ ಫೈಲೆಲ್ಲಾ ಮಂದಿ ತಗಸ್ತಾರ. ಆಕಿಗೂ ವಯಸ್ಸಾತು, ಎಷ್ಟಂತ ಕೋರ್ಟ್ ತಿರಗತಾಳ? ರಾಜಿ ಆಗಿಹೋಗ್ಲಿ ಬಿಡ್ರಿ’ ಎಂದರು. ಕೆಟ್ಟ ಮನುಷ್ಯರಲ್ಲ ಅವರು, ನಿನಗೂ ಗೊತ್ತು. ನಿನ್ನನ್ನು ಒಂದು ದಿನವೂ ಬಾಗಿಲಲ್ಲಿ ನಿಲ್ಲಿಸಿದವರಲ್ಲ. ಆದರೂ ಹಾಗೆಂದರು. ನಾನು ಬಂದು ಆ ಕರಡು ಪೂರ್ತಿ ಟೈಪು ಮಾಡಿದೆ. ಸೋಮವಾರ ನಿನ್ನ ಮುಂದೆ ಇಡುವ ಕಾಗದ ನಾನೇ ಟೈಪು ಮಾಡಿದ್ದು, ಸತ್ಯವ್ವ.

ಇವತ್ತು ಮಧ್ಯಾಹ್ನ ಖುಶ್ನುಮಾಗೆ ಹೇಳಿದೆ. ಅವಳು ಬೈಯಲಿಲ್ಲ. ವರದಿಯಿಂದ ಆ ಪುಟ ಕಿತ್ತು, ಫೈಲು ತರಿಸಿ, ಹಾಳೆಯ ಎರಡೂ ಬದಿ ತಾನೇ ಓದಿದಳು. ‘ಫೈಲ್ ಆಫೀಸಿಂದು ಅಲ್ರಿ, ಆ ಬಾಯಿದು. ಆಕೀಗೆ ಗೊತ್ತಾಗಬೇಕು. ನೀವ ಬರೀರಿ, ನಿಮ್ಮ ಕೈಲೆ, ಸಹಿ ಮಾಡಿ’ ಎಂದಳು. ನಾಳೆ ಬೆಳಗಿನ ಖಾನಾಪುರ ಬಸ್ಸಿಗೆ ಅವಳೇ ಬಂದು ಈ ಪತ್ರ ನಿನ್ನ ಕೈಗೆ ಕೊಡುತ್ತಾಳೆ. ಇದರಿಂದ ಅವಳ ಕೆಲಸಕ್ಕೂ ಕುತ್ತು ಬರಬಹುದು. ಅವಳಿಗೆ ಒಂದು ಲೋಟ ಚಹಾ ಕೊಡು, ಬಿಸಿಲಲ್ಲಿ ನಿಲ್ಲಿಸಿ ಕಳಿಸಬೇಡ.

ನೀನು ಮಾಡಬೇಕಾದದ್ದು ಇಷ್ಟು. ಇದರ ಜೊತೆ ಕರೆಪ್ಪಣ್ಣನ ಕಾಗದದ ಎರಡೂ ಬದಿಯ ಝೆರಾಕ್ಸ್ ಇದೆ, ಆಯಿ ಮತ್ತು ಆಜಿ ಎಂಬಲ್ಲಿ ಸುತ್ತು ಹಾಕಿದ್ದೇನೆ. ನನ್ನ ಹಳೆಯ ಅನುವಾದವೂ ಇದೆ. ಇವನ್ನೆಲ್ಲ ತೆಗೆದುಕೊಂಡು ಧಾರವಾಡದಲ್ಲಿ ಶಾಹಿದ ವಕೀಲರನ್ನು ಕಾಣು, ಖುಶ್ನುಮಾ ಅವರ ಹತ್ತಿರವೇ ಕೆಲಸ ಕಲಿತವಳು. ಮೂಲ ಕಾಗದ ಕೋರ್ಟಿನ ಕಡತದಲ್ಲೇ ಇದೆ, ಅದನ್ನು ಹೊಸದಾಗಿ ಅನುವಾದ ಮಾಡಿಸಿ ಎಂದು ಹೈಕೋರ್ಟಿನಲ್ಲಿ ಅರ್ಜಿ ಹಾಕಬಹುದಂತೆ. ಗೆಲ್ಲುತ್ತೀ ಎಂದು ನಾನು ಹೇಳಲಾರೆ. ನನ್ನ ಅನುವಾದ ತಪ್ಪು ಎಂದು ಎಲ್ಲಿ ಬೇಕಾದರೂ ಪ್ರಮಾಣ ಮಾಡಿ ಹೇಳುತ್ತೇನೆ. ಕೆಲಸ ಹೋಗುತ್ತದೆ, ಹೋಗಲಿ.

ನಾನೇ ಬಂದು ಹೇಳಬೇಕಿತ್ತು. ಆ ಮನೆಯ ಹೊಸ್ತಿಲಲ್ಲಿ ನಿಂತು ನಿನ್ನ ಮುಖ ನೋಡುವ ಧೈರ್ಯ ನನಗಿಲ್ಲ. ಕರೆಪ್ಪಣ್ಣನ ಫೋಟೋ ಎಲ್ಲಿಟ್ಟಿದ್ದೀಯೋ, ತೆಗೆದು ಒರೆಸು. ಅವನು ತಂಗಿಗೆ ಮನೆ ಬರೆದುಕೊಟ್ಟೇ ಹೋದವನು. ಅವನ ಮಗಳಿಗೆ ಒಂದು ಫೋನು ಹಚ್ಚು, ಬೇಕಾದರೆ ನನ್ನ ಹೆಸರು ಹೇಳಿಯೇ ಹಚ್ಚು.

ಕ್ಷಮಿಸು ಎಂದು ಬರೆಯುವುದಿಲ್ಲ. ಕೇಳುವ ಮುಖ ನನಗಿಲ್ಲ.

ಇಂತು ನಿನ್ನ,
ಕುಂದಾ

ತಾ.ಕ.: ಖುಶ್ನುಮಾ ಇದನ್ನು ಓದಿಲ್ಲ, ಲಕೋಟೆ ಅಂಟಿಸುವ ಮೊದಲು ಬರೆಯುತ್ತಿದ್ದೇನೆ. ಪತ್ರದ ತುಂಬ ತಪ್ಪು ತಪ್ಪು ಎಂದು ಬರೆದಿದ್ದೇನೆ. ಯಂತ್ರಗಳಿಂದ ಗೊತ್ತಾಯಿತು ಎಂದು ಅವಳಿಗೂ ಸಾಹೇಬರಿಗೂ ಹೇಳಿದೆ, ನಿನಗೂ ಹಾಗೆಯೇ ತೋರುವಂತೆ ಬರೆದೆ. ಅದು ಸುಳ್ಳು. ಅನುವಾದ ಕೋರ್ಟಿಗೆ ಕೊಟ್ಟ ಐದನೆಯ ದಿನ, ಝೆರಾಕ್ಸ್ ಪ್ರತಿಯನ್ನು ಫೈಲಿಗೆ ಹೊಲಿಯುವಾಗ, ಆಜೀಚೀ ಎಂಬ ಶಬ್ದ ನನ್ನ ಕಣ್ಣಿಗೆ ಬಿದ್ದಿತ್ತು. ಆವತ್ತೇ ಎಲ್ಲ ತಿಳಿಯಿತು. ನಿನ್ನ ಸಾಕ್ಷಿಗೆ ಇನ್ನೂ ಹದಿನೇಳು ದಿನ ಇತ್ತು, ತಿದ್ದುವುದಕ್ಕೆ ಒಂದು ಅರ್ಜಿ ಸಾಕಿತ್ತು. ಕುಂದಾಬಾಯಿಯ ಅನುವಾದ ತಪ್ಪಿತಂತೆ ಎಂದು ವಕೀಲರು ಆಡಿಕೊಳ್ಳಬಾರದೆಂದು ನಾನು ಫೈಲು ಕಟ್ಟಿಟ್ಟೆ. ಸಾಕ್ಷಿಯ ದಿನ ಬೆಳಿಗ್ಗೆ ಕೋರ್ಟಿನ ಮೆಟ್ಟಿಲ ಮೇಲೆ ನೀನು ನನ್ನ ಕೈ ಹಿಡಿದುಕೊಂಡು ‘ಕುಂದಾ, ಅಣ್ಣ ಬರದದ್ದು ಎಲ್ಲಾ ಸರಿ ಐತಲ್ಲವಾ? ನೀ ಓದಿ ನೋಡಿದಿ ಹೌದಿಲ್ಲೋ?’ ಎಂದು ಕೇಳಿದೆ. ನಾನು ಹೂಂ ಅಂದೆ.